ರೋಮನ್ನರ ಕಬ್ಬಿಣದ ಕಾಗೆ

ಕ್ರಿ.ಪೂ. 264ರಲ್ಲಿ ಸಿಸಿಲಿಯ ಒಡೆತನಕ್ಕಾಗಿ ಕಾರ್ಥೇಜಿನೊಡನೆ ಯುದ್ಧ ಆರಂಭವಾದಾಗ ರೋಮಿಗೆ ಹೇಳಿಕೊಳ್ಳುವಂತಹ ನೌಕಾಬಲವಿರಲಿಲ್ಲ. ದಡದಲ್ಲಿ ಸಿಲುಕಿದ ಶತ್ರುಹಡಗೊಂದನ್ನು ಮಾದರಿಯಾಗಿಟ್ಟುಕೊಂಡು ಹಡಗುಗಳನ್ನು ಕಟ್ಟಿದರು. ಹುಟ್ಟು ಹಾಕುವವರನ್ನು ನೆಲದ ಮೇಲೆಯೇ ಸಾಲಾಗಿ ಕೂರಿಸಿ ಪಳಗಿಸಿದರು ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆಯುತ್ತಾನೆ.

ಹಡಗು ನಡೆಸುವ ಚಾತುರ್ಯದಲ್ಲಿ ಗೆಲ್ಲಲಾಗದವರು ಕಡಲಕಾಳಗವನ್ನೇ ನೆಲದ ಕಾಳಗವಾಗಿಸಿದರು. ಅದಕ್ಕೆ ನೆರವಾದದ್ದು ‘ಕಾಗೆ’ ಎಂಬ ಸಾಧನ. ಹಡಗಿನ ಮುಂಭಾಗದಲ್ಲಿ 24 ಅಡಿ ಎತ್ತರದ ಕಂಬ; ಅದರ ಸುತ್ತ ತಿರುಗುವ, 36 ಅಡಿ ಉದ್ದ, 4 ಅಡಿ ಅಗಲದ ಹಲಗೆಸೇತುವೆ; ತುದಿಯಲ್ಲಿ ಕಬ್ಬಿಣದ ಚೂಪಾದ ಕೊಕ್ಕು. ಪಾಲಿಬಿಯಸ್ ಇದನ್ನು ಒನಕೆಗೆ ಹೋಲಿಸುತ್ತಾನೆ. ಒನಕೆಯನ್ನು ಬಲ್ಲ ನಮಗೆ ಅದರ ಪೆಟ್ಟು ಎಂತಹುದೆಂದು ಹೇಳಬೇಕಿಲ್ಲ. ಸೇತುವೆ ಬಿದ್ದೊಡನೆ ಕೊಕ್ಕು ಎದುರಾಳಿ ಹಡಗಿಗೆ ನಾಟಿಕೊಳ್ಳುತ್ತಿತ್ತು. ಸೈನಿಕರು ಗುರಾಣಿ ಹಿಡಿದು ಇಬ್ಬಿಬ್ಬರಾಗಿ ದಾಟುತ್ತಿದ್ದರು.

ಕ್ರಿ.ಪೂ. 260ರಲ್ಲಿ ಮೈಲೆಯ ಬಳಿ ಡುಯಿಲಿಯಸ್‌ನ ನಾಯಕತ್ವದಲ್ಲಿ ನಡೆದ ಕದನದಲ್ಲಿ ಕಾರ್ಥೇಜಿನ 130 ಹಡಗುಗಳಲ್ಲಿ 50 ಕೈತಪ್ಪಿದವು. ಕ್ರಿ.ಪೂ. 256ರ ಎಕ್ನೋಮಸ್ ಕದನದಲ್ಲಿಯೂ ಕಾಗೆ ಕೆಲಸ ಮಾಡಿತು.

ಮರುವರ್ಷವೇ ಕಮರೀನಾ ಬಳಿ ಬಿರುಗಾಳಿಗೆ ಸಿಕ್ಕ 364 ಹಡಗುಗಳಲ್ಲಿ ಉಳಿದವು 80 ಮಾತ್ರ. ಕಾಗೆಯ ಭಾರದಿಂದಲೇ ಹಡಗುಗಳು ಓಲಾಡಿ ಮುಳುಗಿದವೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಊಹೆ ಆಕರ್ಷಕವಾಗಿದೆ. ಆದರೆ ಸಾವಿರಾರು ಜನರ ಜಲಸಮಾಧಿಯ ಹೊಣೆಯನ್ನು ಮರದ ಹಲಗೆಯೊಂದರ ಮೇಲೆ ಹೊರಿಸುವ ಮುನ್ನ ನಾವು ಪಾಲಿಬಿಯಸ್‌ನ ಮಾತನ್ನು ಕೇಳಬೇಕು: ಆ ಋತುವಿನಲ್ಲಿ ಸಿಸಿಲಿಯ ದಕ್ಷಿಣ ಕರಾವಳಿ ಬೇಡವೆಂದು ಚುಕ್ಕಾಣಿಗರು ಪರಿಪರಿಯಾಗಿ ಎಚ್ಚರಿಸಿದ್ದರು. ದಂಡನಾಯಕರು ಕಿವಿಗೊಡಲಿಲ್ಲ.