ಕೀರ್ತಿಮಂದಿರದ ಹೊಸ್ತಿಲಲ್ಲಿ ನಿಂತವರು

ಕಳೆದ ತಿಂಗಳು ನಮ್ಮ ಕೂಟದಲ್ಲಿ ನಡೆಯಬೇಕಾಗಿದ್ದುದು ಕಾವ್ಯವಾಚನ. ನಡೆದುದು ಕಾಲ್ಚೆಂಡಿನ ವಾಗ್ವಾದ. ಸಿಕಂದರಾಬಾದಿನ ಹಿರಿಯ ಸದಸ್ಯರೊಬ್ಬರು ಚಹಾದ ನಡುವೆ ತಮ್ಮ ಊರಿನ ತುಳಸೀದಾಸ್ ಬಲರಾಮ್ ಅವರ ಹೆಸರನ್ನೆತ್ತಿದರು. ಭಾರತೀಯ ಫುಟ್‌ಬಾಲಿಗೆ ಒಂದು ಕೀರ್ತಿಮಂದಿರವನ್ನು ಕಟ್ಟುವುದಾದರೆ, ನಿವೃತ್ತರಾದ ಆಟಗಾರರಲ್ಲಿ ಮೊದಲು ಯಾರನ್ನು ಒಳಗೆ ಕರೆಯಬೇಕು ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ರಾತ್ರಿ ಮನೆಗೆ ಮರಳಿದ ಮೇಲೂ ಅದು ನಮ್ಮನ್ನು ಬಿಡಲಿಲ್ಲ. ಈ ಬರಹ ಆ ವಾಗ್ವಾದದ ಮುಂದುವರಿಕೆ.

‘ಹಾಲ್ ಆಫ್ ಫೇಮ್’ ಎಂಬ ಕಲ್ಪನೆ ಅಮೆರಿಕದಲ್ಲಿ ಬೇರೂರಿದ್ದು. ಅಲ್ಲಿಯ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಅದರಲ್ಲಿ ಚೆಂಡು ಕಾಲಿಗಿಂತ ಹೆಚ್ಚಾಗಿ ಕೈಯಲ್ಲಿರುತ್ತದೆ. ಆದರೂ ಓಹಾಯೋ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ 1963ರಲ್ಲಿ ಹದಿನೇಳು ಮಂದಿ ಗೌರವಾನ್ವಿತರೊಂದಿಗೆ ತೆರೆದ ಆ ಮಂದಿರದ ಕಟ್ಟಳೆಗಳು ಗಮನಾರ್ಹ. ಆಟಗಾರ ನಿವೃತ್ತನಾಗಿ ಐದು ವರ್ಷ ಕಳೆಯಬೇಕು. ಚಪ್ಪಾಳೆಯ ಸದ್ದು ಅಡಗಿದ ಮೇಲಷ್ಟೇ ತೀರ್ಪು. ಆಯ್ಕೆಗಾರರಲ್ಲಿ ನೂರಕ್ಕೆ ಎಂಬತ್ತರಷ್ಟು ಮಂದಿ ಒಪ್ಪಬೇಕು. ಬಹುಕಾಲದ ಹಿಂದೆ ಆಡಿ ಮರೆಗೆ ಸರಿದವರನ್ನು ಹುಡುಕಲು ಹಿರಿಯರದೇ ಬೇರೊಂದು ವಿಭಾಗವಿದೆ. ಈ ಕೊನೆಯ ಕಟ್ಟಳೆ ನಮಗೆ ಬಹಳ ಹಿಡಿಸಿತು. ತಾನು ಮರೆಯಬಲ್ಲೆನೆಂಬುದನ್ನು ಸಂಸ್ಥೆಯೊಂದು ತಾನೇ ಒಪ್ಪಿಕೊಂಡು, ಆ ಮರೆವಿಗೆ ಪರಿಹಾರವನ್ನೂ ನಿಯಮದಲ್ಲಿಯೇ ಬರೆದಿಟ್ಟುಕೊಂಡಿದೆ.

ನಮ್ಮಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಸರ್ಕಾರದ ಪ್ರಶಸ್ತಿಗಳೇ ಮಾಡುತ್ತ ಬಂದಿವೆ. ಅರ್ಜುನ ಪ್ರಶಸ್ತಿ ಆರಂಭವಾದುದು 1961ರಲ್ಲಿ. ಫುಟ್‌ಬಾಲಿನಲ್ಲಿ ಅದು ಮೊದಲ ವರ್ಷ ಪಿ. ಕೆ. ಬ್ಯಾನರ್ಜಿಯವರಿಗೆ, ಮರುವರ್ಷ ಬಲರಾಮರಿಗೆ, ಅನಂತರ ಚುನಿ ಗೋಸ್ವಾಮಿಯವರಿಗೆ ಸಂದಿತು. ಮೂವರೂ ನಿಸ್ಸಂಶಯವಾಗಿ ಅರ್ಹರು. ಆದರೆ ಪ್ರಶಸ್ತಿಗೆ ಹುಟ್ಟಿದ ವರ್ಷವಿದ್ದಂತೆ ಆಟಗಾರನಿಗೂ ಉತ್ತುಂಗದ ವರ್ಷವಿರುತ್ತದೆ. ಎರಡೂ ಕೂಡಿಬರದಿದ್ದರೆ ಅವನ ಹೆಸರು ಯಾವ ಕಡತದಲ್ಲಿಯೂ ಸೇರದು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಎರಡು ದಶಕ ಕಳೆದ ನಮಗೆ ಇದು ಹೊಸ ಸಂಗತಿಯಲ್ಲ. ಆದೇಶ ಹೊರಡುವ ಹಿಂದಿನ ತಿಂಗಳು ನಿವೃತ್ತನಾದವನಿಗೆ ಆದೇಶದ ಫಲ ದಕ್ಕುವುದಿಲ್ಲ.

ಅಂಥವರಲ್ಲಿ ಮೊದಲಿಗರೆಂದು ನಾವು ಕೂಟದಲ್ಲಿ ವಾದಿಸಿದುದು ಬೆಂಗಳೂರಿನ ಅಹಮದ್ ಖಾನ್ ಅವರ ಪರವಾಗಿ. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಆಡಿದವರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಮಣಿಸಿ ಚಿನ್ನ ಗೆದ್ದ ತಂಡದವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘದ ಮುಂಪಡೆಯಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಅವರೊಡನೆ ಸೇರಿ ‘ಪಂಚಪಾಂಡವರು’ ಎನಿಸಿಕೊಂಡರು. 1949ರಿಂದ ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡ್ ಆ ಸಂಘದ ಪಾಲಾಯಿತು. ಚೆಂಡನ್ನು ಕಾಲಬಳಿಯಲ್ಲೇ ಆಡಿಸುತ್ತ ಎದುರಾಳಿಯನ್ನು ಮರುಳುಗೊಳಿಸುತ್ತಿದ್ದ ಈ ಬೆಂಗಳೂರಿಗರನ್ನು ಬಂಗಾಳದ ಪ್ರೇಕ್ಷಕರು ಹಾವಾಡಿಗನೆಂದು ಕರೆದರು.

ಇದಕ್ಕೆ ಒಬ್ಬ ಗೆಳೆಯರು ಆಕ್ಷೇಪವೆತ್ತಿದರು. ಹೆಲ್ಸಿಂಕಿಯಲ್ಲಿ ಭಾರತ ಯುಗೋಸ್ಲಾವಿಯದ ಎದುರು 1–10ರಿಂದ ಸೋತಿತು; ಆ ಒಂದು ಗೋಲು ಅಹಮದ್ ಖಾನರದೇ ಇರಬಹುದು, ಆದರೆ ಹತ್ತು ಗೋಲಿನ ಸೋಲಿನಲ್ಲಿ ಕೀರ್ತಿ ಎಲ್ಲಿಯದು? ಪ್ರಶ್ನೆ ನ್ಯಾಯವಾದುದೇ. ಆದರೆ ಆ ದಿನ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದ್ದರು. ಆ ಸೋಲಿನ ತರುವಾಯವೇ ಬೂಟು ಕಡ್ಡಾಯವಾಯಿತು. ಒಂದು ಪಂದ್ಯದ ಅಂಕೆಯನ್ನು ಅದರ ಕಾಲದಿಂದ ಬೇರ್ಪಡಿಸಿ ಓದಿದರೆ ಅದು ಇತಿಹಾಸವಾಗದು, ಬರಿಯ ಲೆಕ್ಕವಾದೀತು.

ಇನ್ನೊಂದು ಆಕ್ಷೇಪವೂ ಬಂದಿತು: ಪ್ರಶಸ್ತಿ ಹುಟ್ಟುವ ಮೊದಲೇ ಆಡಿದವರನ್ನು ಗೌರವಿಸಲು ದಾರಿಯಾದರೂ ಎಲ್ಲಿತ್ತು? ದಾರಿ ಇತ್ತು. ಬ್ರಿಟಿಷರ ಕಾಲದಲ್ಲಿ ಮೋಹನ್ ಬಾಗಾನಿನ ರಕ್ಷಣಾಗೋಡೆಯಾಗಿದ್ದ ಗೋಷ್ಠ ಪಾಲ್ ಅವರಿಗೆ ಪದ್ಮಶ್ರೀ ಸಂದುದು 1962ರಲ್ಲಿ, ಆಟ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಲಂಡನ್ನಿನಲ್ಲಿಯೂ ಹೆಲ್ಸಿಂಕಿಯಲ್ಲಿಯೂ ಅಹಮದ್ ಖಾನರ ಜೊತೆಗಾರರಾಗಿದ್ದ ಶೈಲೇನ್ ಮನ್ನಾ ಅವರಿಗೆ ಅದು 1971ರಲ್ಲಿ ಒದಗಿತು. ಮನ್ನಾ ನಾಯಕರು, ಸಜ್ಜನರು. ಅವರಿಗೆ ಬಂದುದರಲ್ಲಿ ನಮಗೆ ಲೇಶವೂ ಅಸಮಾಧಾನವಿಲ್ಲ. ಆದರೆ ಹಿಂದಿರುಗಿ ನೋಡುವ ಕಣ್ಣು ರಾಜ್ಯಕ್ಕೆ ಇತ್ತೆಂಬುದನ್ನು ಇವೆರಡು ನಿದರ್ಶನಗಳು ತೋರಿಸುತ್ತವೆ. ಆ ಕಣ್ಣು ಬೆಂಗಳೂರಿನ ಕಡೆಗೆ ಹೊರಳಲಿಲ್ಲ. ಅಹಮದ್ ಖಾನ್ ತಮ್ಮ ಊರಿಗೆ ಮರಳಿ, ದೀರ್ಘಕಾಲ ಬಾಳಿ, 2017ರಲ್ಲಿ ತೀರಿಕೊಂಡರು.

ಎರಡನೆಯ ಹೆಸರು ನೆವಿಲ್ ಡಿಸೋಜಾ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು ಭಾರತ 4–2ರಿಂದ ಸೋಲಿಸಿದಾಗ ಮೂರು ಗೋಲು ಅವರದು; ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯದ ಆಟಗಾರನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲಿನಲ್ಲಿ ಯುಗೋಸ್ಲಾವಿಯದ ವಿರುದ್ಧವೂ ಮೊದಲ ಗೋಲು ಹೊಡೆದವರು ಅವರೇ. ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಡಿಸೋಜಾ ಕೂಟದ ಅತಿ ಹೆಚ್ಚು ಗೋಲು ಗಳಿಸಿದವರಲ್ಲಿ ಒಬ್ಬರಾದರು. ಅವರ ಪಾಲಿಗೆ ಅರ್ಜುನವೂ ಬರಲಿಲ್ಲ. ನಿವೃತ್ತ ಆಟಗಾರರ ಜೀವಮಾನದ ಸಾಧನೆಗೆಂದು 2002ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಸ್ಥಾಪನೆಯಾಗುವ ಹೊತ್ತಿಗೆ ಅವರು ತೀರಿಕೊಂಡು ಎರಡು ದಶಕಗಳಾಗಿದ್ದವು.

ಬಲರಾಮರ ವಿಷಯದಲ್ಲಿ ವಾದವೇ ಬೇಕಾಗಲಿಲ್ಲ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಹಂಗೆರಿ ಮತ್ತು ಪೆರು ಎರಡರ ಮೇಲೂ ಗೋಲು ಹೊಡೆದವರು. 1962ರ ಜಕಾರ್ತ ಚಿನ್ನದ ತಂಡದವರು. ಅನಾರೋಗ್ಯದಿಂದ ಮೂವತ್ತು ತುಂಬುವ ಮೊದಲೇ ಆಟ ನಿಲ್ಲಿಸಬೇಕಾಯಿತು. ಚುನಿ, ಪಿ. ಕೆ., ಬಲರಾಮ್ ಎಂದು ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ದೇಶ ಮೊದಲಿನ ಇಬ್ಬರಿಗೆ ಪದ್ಮಶ್ರೀ ಕೊಟ್ಟಿತು, ಮೂರನೆಯವರಿಗೆ ಕೊಡಲಿಲ್ಲ. 2023ರಲ್ಲಿ ಅವರೂ ಹೋದರು. ಈ ಮಾತು ಬಂದಾಗ ಸಿಕಂದರಾಬಾದಿನ ಹಿರಿಯರು ಏನೂ ಹೇಳದೆ ಚಹಾದ ಲೋಟವನ್ನು ಕೆಳಗಿಟ್ಟರು.

ನಮಗೆ ನಿಜವಾಗಿ ಕಷ್ಟವಾದುದು ನಾಲ್ಕನೆಯ ಹೆಸರು. 1948ರಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನ ಆಟಗಾರರೇ. ಎರಡು ಪೆನಾಲ್ಟಿಗಳನ್ನು ವ್ಯರ್ಥಗೊಳಿಸಿದ ಭಾರತ ಆ ಪಂದ್ಯವನ್ನು 1–2ರಿಂದ ಸೋತಿತು. ಊರಿನ ಅಭಿಮಾನ ರಾಮನ್ನರ ಪರವಾಗಿ ಕೈಯೆತ್ತಲು ನಮ್ಮನ್ನು ಒತ್ತಾಯಿಸಿತು. ಆದರೆ ಮೊದಲಿಗನಾಗುವುದು ಬೇರೆ, ಶ್ರೇಷ್ಠನಾಗುವುದು ಬೇರೆ. ಒಂದು ಗೋಲಿಗೆ ಮಂದಿರದ ಬಾಗಿಲು ತೆರೆದರೆ ನಾಳೆ ಅದನ್ನು ಯಾರಿಗೆಂದು ಮುಚ್ಚುವುದು? ಕಲ್ಕತ್ತೆ ತನ್ನವರನ್ನೇ ಮೆರೆಸಿತೆಂದು ದೂರಿ, ನಮ್ಮ ಸರದಿ ಬಂದಾಗ ನಾವೂ ಅದನ್ನೇ ಮಾಡಿದರೆ ಆ ದೂರಿಗೆ ಬೆಲೆಯೇ ಉಳಿಯದು. ನಾವು ಕೈಯೆತ್ತಲಿಲ್ಲ. ಆ ನಿರ್ಧಾರ ಈಗಲೂ ಸುಲಭವೆನಿಸುತ್ತಿಲ್ಲ.

ಹಾಗಾದರೆ ರಾಮನ್ನರಿಗೆ ಸಲ್ಲಬೇಕಾದುದೇನು? ಕೀರ್ತಿಮಂದಿರವಲ್ಲದಿದ್ದರೂ ಚರಿತ್ರೆಯಂತೂ ಸಲ್ಲಬೇಕು. 1937ರಲ್ಲಿ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಬಂದ ಬೆಂಗಳೂರು ಮುಸ್ಲಿಮ್ಸ್, 1946ರಿಂದ 1968ರೊಳಗೆ ನಾಲ್ಕು ಬಾರಿ ಸಂತೋಷ್ ಟ್ರೋಫಿಯನ್ನೆತ್ತಿದ ಮೈಸೂರು ತಂಡ, ಮೆಲ್ಬರ್ನಿಗೆ ಹೋದ ಕೆಂಪಯ್ಯ, ಜಕಾರ್ತದಲ್ಲಿ ಆಡಿದ ಅರುಮೈನಾಯಗಂ, 2020ರಲ್ಲಿ ಅಕಾಲದಲ್ಲಿ ತೀರಿಕೊಂಡ ಕಾರ್ಲ್‌ಟನ್ ಚಾಪ್‌ಮನ್: ಇವರ ಬಗೆಗೆ ನಾವು ಓದಿದುದರಲ್ಲಿ ಹೆಚ್ಚಿನದು ಇಂಗ್ಲಿಷಿನಲ್ಲಿ. ಬಂಗಾಳಿಗಳು ತಮ್ಮ ಆಟಗಾರರನ್ನು ತಮ್ಮ ಭಾಷೆಯಲ್ಲಿ ಬರೆದರು. ಆದುದರಿಂದಲೇ ದೆಹಲಿಗೆ ಅವರ ಹೆಸರುಗಳು ಕೇಳಿಸಿದವು. ನಾವು ಬರೆಯಲಿಲ್ಲ. ಅಹಮದ್ ಖಾನರಿಗಾದ ಅನ್ಯಾಯದಲ್ಲಿ ದೆಹಲಿಯ ಪಾಲೆಷ್ಟೋ, ಕನ್ನಡದ ಮೌನದ ಪಾಲೂ ಅಷ್ಟೇ ಇರಬಹುದು.

ಕೂಟ ಮುಗಿಯುವಾಗ ಮತ ಎಣಿಸಿದೆವು. ಹಾಜರಿದ್ದವರು ಹದಿಮೂರು ಮಂದಿ. ಬಲರಾಮರಿಗೆ ಹದಿಮೂರು, ಡಿಸೋಜಾರಿಗೆ ಹನ್ನೊಂದು. ಅಹಮದ್ ಖಾನರಿಗೆ ಹತ್ತು. ಕ್ಯಾಂಟನ್ನಿನ ಕಟ್ಟಳೆಯಂತೆ ಬೇಕಾಗಿದ್ದುದು ಹನ್ನೊಂದು. ವಿರೋಧಿಸಿದ ಮೂವರೂ ಅವರ ಹೆಸರನ್ನು ಅಂದೇ ಮೊದಲು ಕೇಳಿದವರು. ಮುಂದಿನ ತಿಂಗಳ ಕೂಟದಲ್ಲಿ ಅವರ ಬಗೆಗೆ ಒಂದು ಪ್ರಬಂಧವನ್ನು ಓದಲು ನಾವು ಒಪ್ಪಿಕೊಂಡಿದ್ದೇವೆ.