ಒಂದು ಜೇಬಿನಿಂದ ಇನ್ನೊಂದು ಜೇಬಿಗೆ

ದೀಪಾವಳಿಗೆ ಶಿವಮೊಗ್ಗಕ್ಕೆ ಹೋಗಿದ್ದಾಗ ಸೋದರಮಾವ ಬೀರುವಿನ ಕೆಳಗಿನ ಖಾನೆಯಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತೆಗೆದರು. ಒಳಗೆ ಎರಡು ಪಾಮ್ ಆರ್ಗನೈಸರ್‌ಗಳು. ಒಂದು ದಪ್ಪನೆಯ ಕಡುಬೂದು ಬಣ್ಣದ ಪಾಮ್ 3, ಇನ್ನೊಂದು ತೆಳ್ಳಗಿನ ಬೆಳ್ಳಿ ಬಣ್ಣದ ಎಂ505. "ನೀನು ಕಂಪ್ಯೂಟರ್ ಓದಿದವನಲ್ವೇನೋ.. ಇದರೊಳಗೆ ಅಮ್ಮನ ಮಾತು ಇದೆ, ತೆಗೆದುಕೊಡು ನೋಡೋಣ" ಅಂದರು.

ಮಾವ 1998ರಲ್ಲಿ ವೈ2ಕೆ ಕೆಲಸಕ್ಕೆಂದು ಅಮೆರಿಕಕ್ಕೆ ಹೋದವರು. ಭಾನುವಾರ ಕಾಲಿಂಗ್ ಕಾರ್ಡ್ ಉಜ್ಜಿ ಅಜ್ಜಿಗೆ ಫೋನು. ಅಜ್ಜಿ ಹೇಳುತ್ತಿದ್ದ ಹಳೇ ಕಥೆ, ಮನೆಯ ಲೆಕ್ಕ, ಉಪ್ಪಿನಕಾಯಿಯ ಅಳತೆ ಎಲ್ಲವನ್ನೂ ಫೋನಿಟ್ಟ ಕೂಡಲೇ ಪಾಮ್‌ನಲ್ಲಿ ಗೀಚಿಕೊಳ್ಳುತ್ತಿದ್ದರಂತೆ. ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷ ದಾಟಿತು.

ಈಗ ಮೊಬೈಲ್ ಬದಲಾಯಿಸಿದರೆ ಗೂಗಲ್ ಖಾತೆಯ ಪಾಸ್‌ವರ್ಡ್ ಹಾಕಿ ಕಾಫಿ ಕುಡಿದು ಬರುವಷ್ಟರಲ್ಲಿ ಎಲ್ಲವೂ ಬಂದು ಕೂತಿರುತ್ತದೆ. ಈ ಸುಖ ಎಲ್ಲಿಂದ ಶುರುವಾಯಿತು ಅಂತ ಹುಡುಕಿದರೆ ಈ ಬಿಸ್ಕತ್ತಿನ ಡಬ್ಬಿಯ ಹತ್ತಿರವೇ ಬಂದು ನಿಲ್ಲಬೇಕಾಗುತ್ತದೆ.

ಜೇಬಿನ ಆರ್ಗನೈಸರ್ ಪಾಮ್‌ಗಿಂತ ಹಳೆಯದು. ಬ್ರಿಟನ್ನಿನ ಸಯಾನ್ ಕಂಪನಿ 1984ರಲ್ಲೇ ಒಂದನ್ನು ಮಾರುಕಟ್ಟೆಗೆ ಬಿಟ್ಟಿತ್ತು. 1992ರಲ್ಲಿ ಆಪಲ್‌ನ ಜಾನ್ ಸ್ಕಲ್ಲಿ ಇಂಥ ಸಾಧನಗಳಿಗೆ 'ಪರ್ಸನಲ್ ಡಿಜಿಟಲ್ ಅಸಿಸ್ಟೆಂಟ್' ಅಂತ ಹೆಸರಿಟ್ಟರು. ಮರುವರ್ಷ ಆಪಲ್‌ನ ನ್ಯೂಟನ್ ಬಂತು. ನಾವು ಹೇಗೆ ಬರೆದರೂ ಅದು ಓದಿಕೊಳ್ಳುತ್ತದೆ ಅನ್ನುವ ಭರವಸೆ. ಆದರೆ ನಾವು ಒಂದು ಬರೆದರೆ ಅದು ಇನ್ನೊಂದು ಓದುತ್ತಿತ್ತು, ಜನ ನಕ್ಕರು. 1998ರಲ್ಲಿ ಆಪಲ್ ಅದನ್ನು ನಿಲ್ಲಿಸಿತು.

ಪಾಮ್ ಕಟ್ಟಿದ ಜೆಫ್ ಹಾಕಿನ್ಸ್ ಉಲ್ಟಾ ಯೋಚನೆ ಮಾಡಿದರು. ಯಂತ್ರಕ್ಕೆ ಮನುಷ್ಯರ ಅಕ್ಷರ ಕಲಿಸುವುದು ಕಷ್ಟ, ಮನುಷ್ಯರಿಗೇ ಯಂತ್ರದ ಅಕ್ಷರ ಕಲಿಸೋಣ! ಅದೇ ಗ್ರಾಫಿಟಿ. 'ಎ' ಅಕ್ಷರಕ್ಕೆ ಅಡ್ಡಗೆರೆ ಎಳೆಯುವ ಹಾಗಿಲ್ಲ, ಬಹುತೇಕ ಅಕ್ಷರಗಳನ್ನು ಕಡ್ಡಿ ಎತ್ತದೆ ಒಂದೇ ಎಳೆತದಲ್ಲಿ ಬರೆಯಬೇಕು. ಸಾಧನ ಎಷ್ಟು ದೊಡ್ಡದಿರಬೇಕು ಅಂತ ತಿಳಿಯಲು ಹಾಕಿನ್ಸ್ ಮರದ ತುಂಡೊಂದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಆ ಮರದ ತುಂಡನ್ನೇ ತೆಗೆದು ನೋಡುವುದು :-)

1996ರಲ್ಲಿ ಪೈಲಟ್ 1000 ಮತ್ತು 5000 ಬಂದವು. ಮೊದಲನೆಯದರ ಮೆಮೊರಿ 128 ಕೆಬಿ, ಎರಡನೆಯದರದ್ದು 512 ಕೆಬಿ. ಎರಡು ಪುಟ್ಟ ಬ್ಯಾಟರಿ ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತಿತ್ತು. ಪೈಲಟ್ ಪೆನ್ ಕಂಪನಿ ಹೆಸರಿನ ಬಗ್ಗೆ ತಕರಾರು ತೆಗೆದಿದ್ದರಿಂದ 1998ರ ಮಾಡೆಲ್ ಬರೀ ಪಾಮ್ 3 ಆಯಿತು. ಮಾವ ಕೊಂಡಿದ್ದು ಅದನ್ನೇ.

ನನ್ನ ಪ್ರಕಾರ ಪಾಮ್‌ನ ನಿಜವಾದ ಶೋಧನೆ ಅಕ್ಷರವೂ ಅಲ್ಲ, ಗಾತ್ರವೂ ಅಲ್ಲ. ಜೊತೆಗೆ ಕೊಡುತ್ತಿದ್ದ ತೊಟ್ಟಿಲು! ಅದರಲ್ಲಿ ಕೂರಿಸಿ ಒಂದೇ ಒಂದು ಗುಂಡಿ ಒತ್ತಿದರೆ ಹಾಟ್‌ಸಿಂಕ್. ಪಾಮ್‌ನಲ್ಲಿದ್ದದ್ದು ಪಿಸಿಗೆ, ಪಿಸಿಯಲ್ಲಿದ್ದದ್ದು ಪಾಮ್‌ಗೆ. ಪ್ರತಿಯೊಂದು ದಾಖಲೆಗೂ ಒಂದು ಸಂಖ್ಯೆ, ಜೊತೆಗೆ 'ಇದು ಬದಲಾಗಿದೆ' ಅನ್ನುವ ಒಂದು ಗುರುತು. ಹಿಂದಿನ ಸಲದ ಪಿಸಿಯೇ ಆಗಿದ್ದರೆ ಗುರುತಿದ್ದ ದಾಖಲೆಗಳು ಮಾತ್ರ ಓಡಾಡುತ್ತಿದ್ದವು. ಬೇರೆ ಪಿಸಿ ಆದರೆ ಎಲ್ಲವನ್ನೂ ಒಂದೊಂದಾಗಿ ಹೋಲಿಸಿ ನೋಡಬೇಕಿತ್ತು. ಇವತ್ತಿಗೂ ಸಿಂಕ್ ಮಾಡುವ ಕೋಡ್ ಬರೆಯಲು ಕೂತರೆ ನಾವು ಎದುರಿಸುವುದು ಇದೇ ಪ್ರಶ್ನೆಗಳನ್ನು.

ಈ ತೊಟ್ಟಿಲು ಬರೀ ಅನುಕೂಲಕ್ಕಲ್ಲ, ಅನಿವಾರ್ಯ ಕೂಡ. ಆಗಿನ ಪಾಮ್‌ಗಳಲ್ಲಿ ನಾವು ಬರೆದದ್ದೆಲ್ಲ ಇರುತ್ತಿದ್ದದ್ದು ರ್‍ಯಾಮ್‌ನಲ್ಲಿ. ಸೆಲ್ ಬದಲಾಯಿಸಲು ಸುಮಾರು ಒಂದು ನಿಮಿಷದ ಗಡುವು. ತಡವಾದರೆ ಎಲ್ಲವೂ ಸ್ವಾಹಾ. ಹಾಗಾಗಿ ಬಿಸ್ಕತ್ತಿನ ಡಬ್ಬಿಯ ಎರಡೂ ಪಾಮ್‌ಗಳು ಎಂದೋ ಖಾಲಿಯಾಗಿದ್ದವು. ಹೊಸ ಸೆಲ್ ಹಾಕಿದಾಗ ಪಾಮ್ 3 ಎದ್ದು, ಈಗಷ್ಟೇ ಅಂಗಡಿಯಿಂದ ತಂದಿದ್ದೇನೋ ಅನ್ನುವ ಹಾಗೆ ಸ್ವಾಗತ ಹೇಳಿತು. ಮಾವ ಏನೂ ಮಾತಾಡಲಿಲ್ಲ.

"ಹೊಸದು ತಗೊಂಡಾಗ ಹಳೇದರಿಂದ ಹೇಗೆ ಸಾಗಿಸಿದ್ರಿ ಮಾವ?" ಅಂತ ಕೇಳಿದೆ. 2001ರಲ್ಲಿ ಎಂ505 ಬಂದಾಗ ಹಳೇದನ್ನು ಕೊನೇ ಸಲ ಸಿಂಕ್ ಮಾಡಿ, ಹೊಸ ತೊಟ್ಟಿಲಿನಲ್ಲಿ ಹೊಸದನ್ನು ಕೂರಿಸಿ, ಅದು ಯಾರ ಹೆಸರು ಅಂತ ಕೇಳಿದಾಗ ಹಳೇ ಹೆಸರನ್ನೇ ಆರಿಸಿದರಂತೆ. ಅಷ್ಟೇ, ವಿಳಾಸ, ದಿನಚರಿ, ಟಿಪ್ಪಣಿ ಎಲ್ಲ ಬಂದವು. ಬ್ಯಾಕಪ್ ಫೋಲ್ಡರಿನಲ್ಲಿದ್ದ ಹಳೇ ತಂತ್ರಾಂಶಗಳೂ ಬಂದು ಹೊಸ ಯಂತ್ರ ಮತ್ತೆ ಮತ್ತೆ ಕೈಕೊಟ್ಟಿತು. ಆ ಫೋಲ್ಡರಿನ ಹೆಸರು ಬದಲಾಯಿಸಿಟ್ಟು ಆಮೇಲೆ ಸಿಂಕ್ ಮಾಡಿ ಅನ್ನುವುದು ಆ ಕಾಲದ ಪಾಮ್ ಬಳಕೆದಾರರಿಗೆ ಬಾಯಿಪಾಠವಾಗಿದ್ದ ಸಲಹೆ.

ಮುಂದೆ ಈ ಸಾಗಾಟ ಇನ್ನೂ ಪೇಚಿನದಾಯಿತು. 2004ರ ಟ್ರಿಯೊ 650ರಲ್ಲಿ ಬ್ಯಾಟರಿ ಮುಗಿದರೂ ಅಳಿಯದ ಫ್ಲ್ಯಾಶ್ ಮೆಮೊರಿ ಬಂತು. ಒಳ್ಳೆಯದೇ. ಆದರೆ ಅದು 512 ಬೈಟ್‌ಗಳ ತುಂಡುಗಳಲ್ಲಿ ಜಾಗ ಕೊಡುತ್ತಿತ್ತು. ಒಂದೇ ಒಂದು ಫೋನ್ ನಂಬರಿಗೂ ಒಂದು ಪೂರ್ತಿ ತುಂಡು. ಹಾಗಾಗಿ ಹಳೇ ಟ್ರಿಯೊದಲ್ಲಿ ಹಿಡಿಸಿದ್ದು ಹೊಸದರಲ್ಲಿ ಹಿಡಿಸಲಿಲ್ಲ! ಗದ್ದಲವಾದ ಮೇಲೆ ಕಂಪನಿ ಪುಕ್ಕಟೆ ಮೆಮೊರಿ ಕಾರ್ಡ್ ಕೊಟ್ಟು ಸಮಾಧಾನ ಮಾಡಿತು. 2010ರಲ್ಲಿ ಎಚ್‌ಪಿ ಪಾಮ್ ಅನ್ನು ಕೊಂಡುಕೊಂಡಿತು, 2011ರಲ್ಲಿ ಆ ಸಾಧನಗಳನ್ನೇ ನಿಲ್ಲಿಸಿತು.

ಮಾವನ ಪುಣ್ಯಕ್ಕೆ, ಭಾರತಕ್ಕೆ ವಾಪಸ್ಸು ಬರುವಾಗ ಪಿಸಿಯನ್ನು ಸಿಡಿಗಳಿಗೆ ಇಳಿಸಿ ತಂದಿದ್ದರು. ನಾಲ್ಕನೇ ಸಿಡಿಯಲ್ಲಿ ಪಾಮ್ ಫೋಲ್ಡರ್ ಸಿಕ್ಕಿತು. ಟಿಪ್ಪಣಿಗಳ ಫೈಲಿನಲ್ಲಿ ಬರಹ ಇದ್ದ ಹಾಗೇ ಇತ್ತು, ನಾಲ್ಕು ಸಾಲಿನ ಪೈಥಾನ್ ಸಾಕಾಯಿತು. 'ಅಮ್ಮ 1', 'ಅಮ್ಮ 2' ಅಂತ ಹನ್ನೊಂದು ಟಿಪ್ಪಣಿ. ಒಂದು ಟಿಪ್ಪಣಿಗೆ ಸುಮಾರು 4000 ಅಕ್ಷರಗಳ ಮಿತಿ ಇದ್ದದ್ದರಿಂದ ಹೀಗೆ ತುಂಡು. ಪಾಮ್‌ಗೆ ಕನ್ನಡ ಬರುತ್ತಿರಲಿಲ್ಲ. ಅಜ್ಜಿಯ ತೀರ್ಥಹಳ್ಳಿ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, 'ಳ'ಕ್ಕೂ 'ಲ'ಕ್ಕೂ ವ್ಯತ್ಯಾಸವಿಲ್ಲದೆ!

'ಅಮ್ಮ 7' ಮಾತ್ರ ಎರಡು ಸಲ ಇತ್ತು. ಕೆಟ್ಟಿದೆ ಅಂದುಕೊಂಡು ಅಳಿಸಲು ಹೊರಟವನು ಓದಿ ನೋಡಿದೆ. ಒಂದರಲ್ಲಿ, ಅಜ್ಜ ಕೆಳಗಿನ ಗದ್ದೆ ಮಾರಿದ್ದು ಮಗಳ ಮದುವೆಗೆ ಅಂತಿದೆ. ಮಗಳು ಅಂದರೆ ನನ್ನ ಅಮ್ಮ. ಇನ್ನೊಂದರಲ್ಲಿ, ಮಾರಿದ್ದು ಮಾವನ ಇಂಜಿನಿಯರಿಂಗ್ ಓದಿಗೆ ಅಂತಿದೆ.

ಇದು ಹಾಟ್‌ಸಿಂಕ್‌ನ ನಿಯಮ. ಒಂದೇ ದಾಖಲೆಯನ್ನು ಎರಡು ಸಿಂಕ್‌ಗಳ ನಡುವೆ ಪಿಸಿಯಲ್ಲೂ ಪಾಮ್‌ನಲ್ಲೂ ಬದಲಾಯಿಸಿದರೆ ಯಾವುದು ಸರಿ ಅಂತ ಅದು ತೀರ್ಮಾನಿಸುತ್ತಿರಲಿಲ್ಲ, ಎರಡನ್ನೂ ಉಳಿಸುತ್ತಿತ್ತು. ನಾವು ಇವತ್ತು ಬರೆಯುವ ಎಷ್ಟೋ ಕೋಡ್‌ನಲ್ಲಿ ಕೊನೆಗೆ ಬರೆದದ್ದೇ ಗೆಲ್ಲುತ್ತದೆ, ಸೋತದ್ದು ಇತ್ತು ಅಂತಲೂ ಯಾರಿಗೂ ತಿಳಿಯುವುದಿಲ್ಲ.

ಮಾವನಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡರು. "ಮೊದಲು ಮದುವೆಗೆ ಅಂತಲೇ ಬರ್ಕೊಂಡಿದ್ದೆ. ಆ ವಾರ ಕಂಪ್ಯೂಟರಿನಲ್ಲಿ ಬೇರೆ ಎರಡು ಸಾಲು ಸೇರಿಸಿದ್ದೆ. ಮುಂದಿನ ಭಾನುವಾರ ಅಮ್ಮ ನಿಜ ಹೇಳಿದ್ಲು, ಪಾಮ್‌ನಲ್ಲಿ ತಿದ್ದಿದೆ. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ ಕಣೋ. ಅವಳು ಇವತ್ತಿಗೂ ತನ್ನ ಮದುವೆಯಿಂದಲೇ ಗದ್ದೆ ಹೋಯ್ತು ಅಂತ ಕೊರಗ್ತಾಳೆ."

ಹನ್ನೆರಡನ್ನೂ ಕನ್ನಡ ಲಿಪಿಗೆ ಇಳಿಸಿ, ಪ್ರಿಂಟ್ ತೆಗೆದು ಮಾವನ ಕೈಗೆ ಕೊಟ್ಟು ಬಂದೆ. ಅಮ್ಮನಿಗೆ ಅವರೇ ಹೇಳಲಿ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಯಂತ್ರವನ್ನು ನಂಬಬೇಡಿ, ಪಕ್ಕದಲ್ಲಿರುವ ಸಿಡಿಗಳನ್ನು ನೋಡಿ. ಮತ್ತೆ, ಒಂದೇ ಹೆಸರಿನವು ಎರಡಿದ್ದರೆ ಓದದೆ ಅಳಿಸಬೇಡಿ.