ಕೆನಡಾ ಥಿಸಲ್
ಕೆನಡಾ ಥಿಸಲ್ ಅಥವಾ ತೆವಳುವ ಥಿಸಲ್ (ವೈಜ್ಞಾನಿಕ ಹೆಸರು: ಸಿರ್ಸಿಯಮ್ ಆರ್ವೆನ್ಸೆ) ಸೂರ್ಯಕಾಂತಿಯ ಕುಟುಂಬವಾದ ಆಸ್ಟರೇಸಿಗೆ ಸೇರಿದ ಬಹುವಾರ್ಷಿಕ ಮುಳ್ಳುಗಿಡ. ಯುರೋಪ್ ಮತ್ತು ಪಶ್ಚಿಮ ಏಷ್ಯಾ ಇದರ ಮೂಲ ನೆಲೆಗಳಲ್ಲಿ ಸೇರಿವೆ. ಉತ್ತರ ಅಮೆರಿಕ, ನ್ಯೂಜಿಲೆಂಡ್ ಮುಂತಾದೆಡೆ ಹೊರಗಿನಿಂದ ಬಂದು ನೆಲೆಸಿದ್ದು, ಸಮಶೀತೋಷ್ಣ ವಲಯದ ಅತ್ಯಂತ ಹಠಮಾರಿ ಕಳೆಗಳಲ್ಲೊಂದೆಂದು ಪರಿಗಣಿಸಲಾಗಿದೆ. ಉತ್ತರ ಕರ್ನಾಟಕದ ಎಣ್ಣೆಕಾಳು ಬೆಳೆಯಾದ ಕುಸುಬೆ ಇದರ ಹತ್ತಿರದ ಬಂಧು.

ಹೆಸರು
ಹೆಸರಿನಲ್ಲಿ ಕೆನಡಾ ಇದ್ದರೂ ಇದು ಆ ದೇಶದ ಮೂಲ ಸಸ್ಯವಲ್ಲ. ಯುರೋಪಿನಿಂದ ವಲಸೆ ಬಂದವರೊಂದಿಗೆ ಅಲ್ಲಿಗೆ ತಲುಪಿತು. ಲಿನೇಯಸ್ 1753ರಲ್ಲಿ ಇದನ್ನು ಸೆರಾಟುಲಾ ಕುಲದಲ್ಲಿ ವರ್ಣಿಸಿದನು. 1772ರಲ್ಲಿ ಸ್ಕೊಪೊಲಿ ಸಿರ್ಸಿಯಮ್ ಕುಲಕ್ಕೆ ವರ್ಗಾಯಿಸಿದನು. ‘ಆರ್ವೆನ್ಸೆ’ ಎಂದರೆ ಹೊಲಕ್ಕೆ ಸಂಬಂಧಿಸಿದುದು ಎಂದರ್ಥ.

ಲಕ್ಷಣಗಳು
ಗಿಡವು ಸಾಮಾನ್ಯವಾಗಿ 30ರಿಂದ 150 ಸೆಂ.ಮೀ. ಎತ್ತರ ಬೆಳೆಯುತ್ತದೆ. ಎಲೆಗಳ ಅಂಚಿನಲ್ಲಿ ಮುಳ್ಳುಗಳಿದ್ದು, ಕಾಂಡವು ಬಹುಮಟ್ಟಿಗೆ ನುಣುಪಾಗಿರುತ್ತದೆ. ನಸುನೇರಳೆ ಬಣ್ಣದ ಹೂಚೆಂಡುಗಳು 1ರಿಂದ 2 ಸೆಂ.ಮೀ. ಗಾತ್ರದವು, ಅವುಗಳಿಗೆ ಸುಗಂಧವಿದೆ. ಗಂಡು ಮತ್ತು ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಗಿಡಗಳಲ್ಲಿ ಬಿಡುತ್ತವೆ. ಹೂ ಬಿಡಲು ದೀರ್ಘವಾದ ಹಗಲು ಅಗತ್ಯ.

ಪ್ರಸರಣ
ಈ ಸಸ್ಯವು ಬೀಜದಿಂದಲೂ ಬೇರಿನಿಂದಲೂ ಹರಡುತ್ತದೆ. ಬೀಜಕ್ಕೆ ರೇಷ್ಮೆಯಂಥ ಕುಚ್ಚು ಇದ್ದು ಗಾಳಿಯಲ್ಲಿ ತೇಲಬಲ್ಲದು. ಆದರೆ ಕುಚ್ಚು ಸುಲಭವಾಗಿ ಕಳಚಿಕೊಳ್ಳುವುದರಿಂದ, ಗಾಳಿಯಲ್ಲಿ ಹಾರುವ ಅನೇಕ ಕುಚ್ಚುಗಳಲ್ಲಿ ಬೀಜವೇ ಇರುವುದಿಲ್ಲ. ಹೀಗಾಗಿ ಹೊಸ ಸ್ಥಳವನ್ನು ತಲುಪಲು ಬೀಜ ನೆರವಾದರೆ, ಅಲ್ಲಿ ನೆಲವನ್ನು ಆಕ್ರಮಿಸುವ ಕೆಲಸ ಮುಖ್ಯವಾಗಿ ಬೇರಿನದು. ಅಡ್ಡಬೇರುಗಳು ಮಣ್ಣಿನೊಳಗೆ ಚಾಚಿಕೊಂಡು, ಅವುಗಳ ಮೊಗ್ಗುಗಳಿಂದ ಹೊಸ ಚಿಗುರುಗಳು ಮೇಲೇಳುತ್ತವೆ. ಹೊಲದಲ್ಲಿ ಕಾಣುವ ಒಂದು ದಟ್ಟ ಪೊದೆಯು ಅನೇಕ ವೇಳೆ ಒಂದೇ ಸಸಿಯಿಂದ ಹಬ್ಬಿದ, ಒಂದೇ ಲಿಂಗದ ಸಮೂಹವಾಗಿರುತ್ತದೆ. ಸಮೀಪದಲ್ಲಿ ಗಂಡು ಗಿಡಗಳಿಲ್ಲದಿದ್ದರೆ ಹೆಣ್ಣು ಸಮೂಹದಲ್ಲಿ ಬೀಜ ಕಟ್ಟುವುದು ವಿರಳ.

ನಿಯಂತ್ರಣ
ಬೇರಿನ ಕೆಲವೇ ಸೆಂಟಿಮೀಟರ್ ಉದ್ದದ ತುಂಡೂ ಹೊಸ ಗಿಡವಾಗಬಲ್ಲದು. ಆದ್ದರಿಂದ ಒಮ್ಮೆ ಮಾತ್ರ ಉಳುಮೆ ಮಾಡಿದರೆ ಬೇರುಗಳು ತುಂಡಾಗಿ ಕಳೆ ಇನ್ನಷ್ಟು ಹರಡುತ್ತದೆ. ಬೇರಿನಲ್ಲಿ ಕೂಡಿಟ್ಟ ಆಹಾರವು ಮೊಗ್ಗು ಮೂಡುವ ಹಂತದಲ್ಲಿ ಕನಿಷ್ಠ ಮಟ್ಟಕ್ಕೆ ಇಳಿದಿರುವುದರಿಂದ, ಆಗ ಕತ್ತರಿಸಿ, ಮತ್ತೆ ಚಿಗುರಿದಂತೆಲ್ಲ ಕತ್ತರಿಸುತ್ತಾ ಹೋದರೆ ಗಿಡ ಬಲಗುಂದುತ್ತದೆ. ನೆರಳನ್ನು ಸಹಿಸದ ಕಾರಣ ಕುದುರೆ ಮೆಂತೆಯಂತಹ ದಟ್ಟವಾದ ಮೇವಿನ ಬೆಳೆಯೂ ಇದನ್ನು ಹತ್ತಿಕ್ಕುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯವು 1795ರಲ್ಲಿಯೇ ಇದರ ವಿರುದ್ಧ ಕಾನೂನು ರೂಪಿಸಿತು. ಬ್ರಿಟನ್ನಿನ 1959ರ ಕಳೆ ಕಾಯ್ದೆಯ ಐದು ಹಾನಿಕಾರಕ ಕಳೆಗಳಲ್ಲಿ ಇದೂ ಒಂದು.

ಪರಿಸರದಲ್ಲಿ ಪಾತ್ರ
ಮೂಲ ನೆಲೆಯಲ್ಲಿ ಈ ಗಿಡ ಅನೇಕ ಜೀವಿಗಳಿಗೆ ಆಸರೆಯಾಗಿದೆ. ಜೇನುನೊಣ ಹಾಗೂ ಚಿಟ್ಟೆಗಳು ಮಕರಂದಕ್ಕಾಗಿ ಹೂಗಳಿಗೆ ಬರುತ್ತವೆ. ಗೋಲ್ಡ್‌ಫಿಂಚ್ ಹಕ್ಕಿಗಳು ಬೀಜವನ್ನು ತಿನ್ನುತ್ತವೆ. ಪೇಂಟೆಡ್ ಲೇಡಿ ಚಿಟ್ಟೆಯ ಮರಿಹುಳುಗಳಿಗೆ ಎಲೆಗಳೇ ಆಹಾರ.